ಹಿತ್ತಲ ಕೋಳಿಯ ಗೂಡು ಮತ್ತು ಸಲಕರಣೆ: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಮನೆಯ ಹಿತ್ತಲು, ಕೊಟ್ಟಿಗೆಯ ಮಗ್ಗುಲು, ತೆಂಗಿನ ತೋಟದ ಅಂಚಿನಲ್ಲಿ ಹತ್ತರಿಂದ ಐವತ್ತು ಕೋಳಿ ಸಾಕುವುದು ಹಳೆಯ ವಾಡಿಕೆ. ಹಗಲು ಬಿಟ್ಟು ಮೇಯಿಸಿ ಇರುಳು ಗೂಡಿಗೆ ಸೇರಿಸುವ ಈ ಪದ್ಧತಿಗೆ ಬೇಕಾದ ಗೂಡು, ಸಲಕರಣೆಗಳ ಆಯ್ಕೆ ಈ ಲೇಖನದ ವಿಷಯ. ಹಿಂದೆ ಒಂದು ಮಂಕರಿ, ಬಾಯೊಡೆದ ಮಡಕೆ, ಕೊಟ್ಟಿಗೆಯ ಒಂದು ಮೂಲೆ ಇದ್ದರೆ ಆಯಿತು. ಈಗ ಹೊಸದಾಗಿ ಕೈಹಾಕುವವರ ಮುಂದೆ ಪ್ಲಾಸ್ಟಿಕ್ ತೊಟ್ಟಿ, ನಿಪ್ಪಲ್ ಜೋಡಿಸಿದ ನೀರಿನ ಕೊಳವೆ, ಮಡಚುವ ತಂತಿ ಪಂಜರ, ಪುಟ್ಟ ಇನ್‌ಕ್ಯುಬೇಟರ್ ಎಲ್ಲವೂ ಮಾರಾಟಕ್ಕಿವೆ. ಇವುಗಳಲ್ಲಿ ಮುಕ್ಕಾಲು ಪಾಲು ಮೊದಲ ವರ್ಷಕ್ಕೆ ಬೇಡ. ಹಣ ಹಾಕಬೇಕಾದದ್ದು ಸೋರದ ಮಾಡು, ಒಣಗಿದ ನೆಲ, ಇರುಳು ಗಟ್ಟಿಯಾಗಿ ಮುಚ್ಚಿಕೊಳ್ಳುವ ಬಾಗಿಲು, ಈ ಮೂರಕ್ಕೆ. ಉಳಿದದ್ದನ್ನು ಕೋಳಿ ಸಾಕುತ್ತಾ ಸಾಕುತ್ತಾ ಹೊಂದಿಸಿಕೊಳ್ಳಬಹುದು.

ನಾಲೆ ಬಯಲು, ಬೆದ್ದಲು ನೆಲ

ಗೂಡಿನ ಸ್ವರೂಪವನ್ನು ಮೊದಲು ನಿರ್ಧರಿಸುವುದು ನೀರು. 1911ರಲ್ಲಿ ಕಟ್ಟಲು ತೊಡಗಿ 1930ರ ದಶಕದ ಆರಂಭದಲ್ಲಿ ಮುಗಿದ ಕನ್ನಂಬಾಡಿ ಕಟ್ಟೆ ಮತ್ತು ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಈ ಸೀಮೆಯ ಚಹರೆಯನ್ನೇ ಬದಲಿಸಿದವು. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಹುಪಾಲು ಹಳ್ಳಿಗಳು ಭತ್ತ, ಕಬ್ಬಿನ ಬಯಲಿನ ನಡುವೆ ಇವೆ. ನಾಲೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ಹಿತ್ತಲ ನೆಲ ಒಂದಡಿ ಕೆಳಗೇ ಜಿನುಗುತ್ತಿರುತ್ತದೆ. ನಾಗಮಂಗಲ ಇದಕ್ಕೆ ತದ್ವಿರುದ್ಧ. ಕೆಂಪು ಮಣ್ಣು, ಬಂಡೆ, ರಾಗಿ, ಹುರುಳಿ, ಅಲ್ಲಲ್ಲಿ ತೆಂಗು. ಮಳೆ ಬಂದರೆ ಬೆಳೆ. ಕೃಷ್ಣರಾಜಪೇಟೆ ಇವೆರಡರ ನಡುವಿನದು. ಹೇಮಾವತಿ ನೀರು ಹರಿಯುವ ಕಡೆ ಗದ್ದೆ, ಅದು ತಲುಪದ ಕಡೆ ಬೆದ್ದಲು.

ಜಿಲ್ಲೆಯ ವಾರ್ಷಿಕ ಮಳೆ ಸುಮಾರು 700 ಮಿಲಿಮೀಟರ್. ಅದರ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ ಬಂತೆಂದು ಮಾಡು ಸರಿಪಡಿಸುವ ಮಲೆನಾಡಿನ ಲೆಕ್ಕ ಇಲ್ಲಿ ನಡೆಯದು. ಜೂನ್, ಜುಲೈನ ಹನಿಮಳೆಗೆ ತಡೆದುಕೊಂಡ ಗೂಡು ಅಕ್ಟೋಬರಿನ ಗುಡುಗುಮಳೆಗೆ ಸೋರುವುದುಂಟು. ಶ್ರೀರಂಗಪಟ್ಟಣದ ನದಿಯಂಚಿನ ಊರುಗಳಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಕೊಡಗಿನಲ್ಲಿ ಮಳೆ ಜೋರಾಗಿ ಅಣೆಕಟ್ಟೆಯಿಂದ ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ನೀರು ಬಿಟ್ಟ 2019ರ ಆಗಸ್ಟ್‌ನಂಥ ದಿನಗಳಲ್ಲಿ ಊರಲ್ಲಿ ಮಳೆಯೇ ಇಲ್ಲದಿದ್ದರೂ ಹೊಳೆ ದಂಡೆಯ ತೋಟಕ್ಕೆ ನೀರು ನುಗ್ಗುತ್ತದೆ. ಅಲ್ಲಿ ಗೂಡು ಎತ್ತರದಲ್ಲಿರಬೇಕು, ಇಲ್ಲವೇ ನಾಲ್ವರು ಹೊತ್ತು ಸಾಗಿಸುವಷ್ಟು ಹಗುರವಾಗಿರಬೇಕು.

ಯಾವ ಕೋಳಿಗೆ ಎಂಥ ಗೂಡು

ಕೋಳಿ ತಂದು ಆಮೇಲೆ ಗೂಡು ಕಟ್ಟುವವರೇ ಹೆಚ್ಚು. ಮರಿ ತರುವುದು ಒಂದು ಬೆಳಗಿನ ಕೆಲಸ, ಗೂಡಿಗೆ ಕನಿಷ್ಠ ಎರಡು ವಾರ ಬೇಕು. ಗೂಡಿಗೂ ಮೊದಲು ಯಾವ ಕೋಳಿ ಎಂಬುದು ತೀರ್ಮಾನವಾಗಬೇಕು, ಏಕೆಂದರೆ ಕೂರುವ ಕೋಲಿನ ಎತ್ತರದಿಂದ ಹಿಡಿದು ಬೇಲಿಯವರೆಗೆ ಎಲ್ಲವೂ ಅದರ ಮೇಲೆ ನಿಂತಿದೆ.

ನಾಟಿ ಕೋಳಿ ಹಗುರ, ಚುರುಕು. ಕಾಡುಕೋಳಿಯ ರಕ್ತ ಇನ್ನೂ ಆರಿಲ್ಲದ ಜೀವ. ಬಿಟ್ಟರೆ ಬೇವಿನ ಮರದ ಕೊಂಬೆಯ ಮೇಲೇ ರಾತ್ರಿ ಕಳೆಯುತ್ತದೆ. ನಾಲ್ಕೈದು ಅಡಿ ಎತ್ತರದ ಕೋಲಿಗೆ ಹಾರುವುದು ಅದಕ್ಕೆ ಲೆಕ್ಕವೇ ಅಲ್ಲ. ವರ್ಷಕ್ಕೆ ಇಡುವ ಮೊಟ್ಟೆ ಕಡಿಮೆ, ಆದರೆ ತಾನೇ ಕಾವು ಕೂತು ಮರಿ ಮಾಡಿ ಸಾಕುತ್ತದೆ. ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್ ಮತ್ತು ಮರಿಗೆ ಶಾಖ ಕೊಡುವ ಬ್ರೂಡರ್ ಎಂಬ ಎರಡು ಸಲಕರಣೆಗಳ ಖರ್ಚನ್ನು ಒಂದು ಹ್ಯಾಟೆಯೇ ಉಳಿಸುತ್ತದೆ.

ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಗಿರಿರಾಜ ದೊಡ್ಡ ಮೈಯ ಕೋಳಿ. ಮಾಂಸ ಚೆನ್ನಾಗಿ ಕಟ್ಟುತ್ತದೆ. ಆದರೆ ಆ ಭಾರಕ್ಕೆ ಓಡಲಾರದು, ಹಾರಲಾರದು. ನಾಯಿಗೂ ಹದ್ದಿಗೂ ಸುಲಭದ ತುತ್ತು. ಅದೇ ಕಡೆಯಿಂದ ಮುಂದೆ ಬಂದ ಸ್ವರ್ಣಧಾರಾ ಸ್ವಲ್ಪ ಹಗುರ, ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಕೊಡುವ ತಳಿ. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ಮತ್ತು ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯ ಕಾವೇರಿ ಕೂಡ ಹಿತ್ತಲಿಗೆಂದೇ ಬಂದವು. ಇವು ಕಾವು ಕೂರುವುದು ಅಪರೂಪ. ಇವುಗಳ ಮೊಟ್ಟೆಯಿಂದ ಮರಿ ಮಾಡಿಸಿದರೂ ತಾಯಿಯ ಗುಣ ಅಷ್ಟೇ ಬಲವಾಗಿ ಇಳಿಯದು. ಹಾಗಾಗಿ ಪ್ರತಿ ಸಲ ಹೊಸ ಮರಿ ತರಬೇಕು. ಭಾರದ ತಳಿಗೆ ಕೂರುವ ಕೋಲು ನೆಲದಿಂದ ಒಂದೂವರೆ ಅಡಿಗಿಂತ ಮೇಲೆ ಬೇಡ. ಎತ್ತರದಿಂದ ದಿನವೂ ಧುಮುಕಿದರೆ ಪಾದದ ಅಡಿ ಒಡೆದು ಕೀವು ಕಟ್ಟುತ್ತದೆ.

ಮೊದಲ ಸಲಕ್ಕೆ ಇಪ್ಪತ್ತು ಕೋಳಿ ಹದವಾದ ಸಂಖ್ಯೆ. ಹದಿನೆಂಟು ಹೆಣ್ಣು, ಎರಡು ಹುಂಜ. ಮೊಟ್ಟೆ ಮಾತ್ರ ಸಾಕೆನ್ನುವವರಿಗೆ ಹುಂಜವೇ ಬೇಡ, ಹುಂಜವಿಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ. ಇದನ್ನು ನಂಬದವರು ಈ ಕಡೆ ಇನ್ನೂ ಇದ್ದಾರೆ.

ಇರುಳಿನ ಗೂಡು

ಹಗಲು ಹೊರಗೆ ಅಡ್ಡಾಡುವ ಕೋಳಿಗೆ ಗೂಡಿನೊಳಗೆ ತಲೆಗೆ ಎರಡು ಚದರ ಅಡಿ ಸಾಕು. ಇಪ್ಪತ್ತಕ್ಕೆ ನಲವತ್ತು, ಅಂದರೆ ಎಂಟಡಿ ಉದ್ದ, ಐದಡಿ ಅಗಲ. ದಿನವಿಡೀ ಮುಚ್ಚಿಟ್ಟು ಸಾಕುವುದಾದರೆ ಇದು ಸಾಲದು. ಗೂಡಿಗೆ ಅಂಟಿಕೊಂಡಂತೆ ತಲೆಗೆ ಹತ್ತು ಚದರ ಅಡಿಯ ಬೇಲಿ ಹಾಕಿದ ಅಂಗಳ ಬೇಕು. ನಾಲೆ ಬಯಲಿನಲ್ಲಿ ಬೇಲಿಯ ಅಂಗಳ ಇಲ್ಲದೆ ಸಾಕಿದರೆ ಪಕ್ಕದವರ ಭತ್ತದ ಸಸಿಮಡಿಗೆ ಕೋಳಿ ನುಗ್ಗಿ, ಸಾಕಿದ ಲಾಭ ಜಗಳಕ್ಕೆ ಹೋಗುತ್ತದೆ.

ಉದ್ದನೆಯ ಬದಿ ಪೂರ್ವ ಪಶ್ಚಿಮವಾಗಿ ಹೋಗಬೇಕು. ಆಗ ಜಾಲರಿ ಇರುವ ಎರಡು ಅಗಲ ಮುಖಗಳು ಉತ್ತರ, ದಕ್ಷಿಣಕ್ಕೆ ತೆರೆದು, ಬೆಳಗಿನ ಮತ್ತು ಸಂಜೆಯ ಬಿಸಿಲು ನೇರವಾಗಿ ಒಳಗೆ ಬೀಳುವುದಿಲ್ಲ. ಮಾಡಿನ ಇಳಿಜಾರು ಗೋಡೆಯಿಂದಾಚೆ ಮೂರಡಿ ಚಾಚಿರಲಿ. ಈ ಸೀಮೆಯ ಮಳೆ ಮುಂಗಾರಿನಲ್ಲಿ ಒಂದು ದಿಕ್ಕಿನಿಂದ, ಹಿಂಗಾರಿನಲ್ಲಿ ಇನ್ನೊಂದು ದಿಕ್ಕಿನಿಂದ ಹೊಡೆಯುತ್ತದೆ. ಒಂದೇ ಕಡೆ ಚಾಚಿದ ಮಾಡಿನಿಂದ ಅರ್ಧ ಕೆಲಸವಷ್ಟೇ ಆದೀತು.

ನೆಲದ ವಿಷಯದಲ್ಲಿ ನಾಲ್ಕು ತಾಲ್ಲೂಕಿಗೂ ಒಂದೇ ಉತ್ತರವಿಲ್ಲ. ಜೌಗು ನೆಲದ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಎರಡೂವರೆ ಅಡಿ ಎತ್ತರದ ಕಲ್ಲುಕಂಬಗಳ ಮೇಲೆ ನಿಂತ ಅಟ್ಟಣೆ ಗೂಡು ಮೇಲು. ತೋಟದ ಬೇಲಿಗೆ ನಿಲ್ಲಿಸುವ ಕಂಬ ಎಲ್ಲೆಡೆ ಸಿಗುತ್ತದೆ. ಮರದ ಕಾಲಾದರೆ ಎರಡೇ ವರ್ಷದಲ್ಲಿ ಗೆದ್ದಲು ಹಿಡಿಯುತ್ತದೆ. ಮೇಲೆ ಅಡಕೆ ಅಥವಾ ಬಿದಿರಿನ ದಬ್ಬೆಯನ್ನು ಮುಕ್ಕಾಲು ಇಂಚು ಸಂದು ಬಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಕೋಳಿಯ ಕಾಲು ಒಣಗಿರುತ್ತದೆ. ದಬ್ಬೆಯ ಅಂಚು ನುಣುಪಾಗಿ ಕೆತ್ತಿರಬೇಕು. ಬರೀ ತಂತಿ ಜಾಲರಿಯ ತಳ ಅಗ್ಗವೆಂದು ಹಾಕಿಸಿದರೆ ಗಿರಿರಾಜನಂಥ ಭಾರದ ಕೋಳಿ ಕುಂಟಲು ತೊಡಗುತ್ತದೆ. ನಾಗಮಂಗಲದಲ್ಲೂ ಕೃಷ್ಣರಾಜಪೇಟೆಯ ಬೆದ್ದಲು ಊರುಗಳಲ್ಲೂ ಇಷ್ಟೆಲ್ಲ ಎತ್ತರಿಸುವ ಖರ್ಚು ಅನಗತ್ಯ. ಸುತ್ತಲಿನ ನೆಲಕ್ಕಿಂತ ಒಂದಡಿ ಎತ್ತರ ಮಣ್ಣು ತುಂಬಿ, ಮೇಲೆ ಕಲ್ಲು ಚಪ್ಪಡಿ ಹಾಸಿ ಸಂದಿಗೆ ಸಿಮೆಂಟು ಬಳಿದರೆ ತೊಳೆಯಲೂ ಸುಲಭ, ಹೆಗ್ಗಣ ಕೊರೆಯುವುದೂ ಇಲ್ಲ.

ಮಾಡಿಗೆ ಹಂಚು ಉತ್ತಮ. ತೆಂಗಿನ ಗರಿಯ ಹೊದಿಕೆ ತಂಪು, ಆದರೆ ಎರಡು ಮಳೆಗಾಲಕ್ಕೆ ಮುಗಿಯುತ್ತದೆ. ಅದರೊಳಗೆ ಇಲಿ, ಇಲಿಯ ಹಿಂದೆ ಹಾವು. ತಗಡು ಬಾಳಿಕೆ ಬರುತ್ತದೆ, ಏಪ್ರಿಲ್‌ನಲ್ಲಿ ಕೆಳಗಿರುವ ಜೀವವನ್ನು ಬೇಯಿಸುತ್ತದೆ. ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ತಾಪಮಾನ 35 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಮೇವು ಬಿಡುತ್ತದೆ, ಮೊಟ್ಟೆ ಇಳಿಯುತ್ತದೆ, ಚಿಪ್ಪು ತೆಳುವಾಗುತ್ತದೆ. ತಗಡೇ ಕೈಗೆಟುಕುವುದಾದರೆ ಮೇಲ್ಮೈಗೆ ಸುಣ್ಣ ಬಳಿದು, ಬೇಸಿಗೆಯ ಮೂರು ತಿಂಗಳು ತೆಂಗಿನ ಗರಿ ಹೊದಿಸಿ, ಮಳೆಗೆ ಮುಂಚೆ ತೆಗೆಯುವುದು ಮಧ್ಯಮ ದಾರಿ. ಹುಣಸೆ, ಹೊಂಗೆಯ ನೆರಳಿನಲ್ಲಿ ಗೂಡು ಇಟ್ಟರೆ ಈ ತಾಪತ್ರಯ ಅರ್ಧ ತಪ್ಪಿತು.

ಗೋಡೆ ಒಂದೂವರೆ ಅಡಿ, ಅದರ ಮೇಲೆ ಮಾಡಿನವರೆಗೆ ಜಾಲರಿ. ಚಳಿಗೆ ಕೋಳಿ ನಡುಗೀತೆಂದು ಗೋಣಿಚೀಲ ಕಟ್ಟಿ ಎಲ್ಲ ಕಡೆ ಮುಚ್ಚುವವರಿದ್ದಾರೆ. ಮಂಡ್ಯದ ಚಳಿಯಿಂದ ಬೆಳೆದ ಕೋಳಿಗೆ ಏನೂ ಆಗುವುದಿಲ್ಲ. ಮುಚ್ಚಿದ ಗೂಡಿನಲ್ಲಿ ಹಿಕ್ಕೆಯಿಂದ ಏಳುವ ಅಮೋನಿಯಾ ಅದರ ಕಣ್ಣು, ಉಸಿರುಕೊಳವೆ ಎರಡನ್ನೂ ಕೆಡಿಸುತ್ತದೆ. ಬೆಳಗ್ಗೆ ಬಾಗಿಲು ತೆಗೆದು ಕೋಳಿಯ ತಲೆಯ ಮಟ್ಟಕ್ಕೆ ಬಗ್ಗಿ ಉಸಿರೆಳೆದುಕೊಂಡಾಗ ಮೂಗು ಉರಿದರೆ ಗಾಳಿ ಸಾಲುತ್ತಿಲ್ಲವೆಂದೇ ಅರ್ಥ. ಗೋಣಿಯನ್ನು ಮಳೆ ಹೊಡೆಯುವ ಬದಿಗೆ, ಸುತ್ತಿ ಎತ್ತುವ ಹಾಗೆ ಕಟ್ಟಿದರೆ ಸಾಕು.

ಒಳಗಿನ ಸಾಮಾನು ಎರಡೇ. ಒಂದು ಕೂರುವ ಕೋಲು. ಎರಡು ಇಂಚು ದಪ್ಪದ ಸರ್ವೆ ಗಳ, ತೊಗಟೆ ಸುಲಿದು ನುಣುಪು ಮಾಡಿದ್ದು. ತಲೆಗೆ ಎಂಟು ಇಂಚಿನಂತೆ ಇಪ್ಪತ್ತಕ್ಕೆ ಹದಿಮೂರೂವರೆ ಅಡಿ, ಅಂದರೆ ಎಂಟಡಿಯ ಗೂಡಿನಲ್ಲಿ ಉದ್ದಕ್ಕೆ ಎರಡು ಕೋಲು. ಎರಡನ್ನೂ ಒಂದೇ ಎತ್ತರಕ್ಕೆ ಕಟ್ಟಬೇಕು, ಮೇಲು ಕೆಳಗಾದರೆ ಮೇಲಿನದಕ್ಕೆ ದಿನಾ ಕಿತ್ತಾಟ. ಪಿವಿಸಿ ಪೈಪು ಜಾರುತ್ತದೆ. ಇನ್ನೊಂದು ಮೊಟ್ಟೆ ಇಡುವ ಪೆಟ್ಟಿಗೆ: ಅಡಿ ಅಗಲ, ಅಡಿ ಆಳ, ಅದಕ್ಕಿಂತ ತುಸು ಎತ್ತರ, ನಾಲ್ಕೈದು ಹೆಣ್ಣಿಗೆ ಒಂದು. ಮೇದರ ಹಳೆಯ ಬುಟ್ಟಿ, ಬಾಯಿ ಕತ್ತರಿಸಿದ ಎಣ್ಣೆ ಕ್ಯಾನು, ಏನಾದರೂ ನಡೆಯುತ್ತದೆ. ಇರಬೇಕಾದದ್ದು ಕತ್ತಲು ಮತ್ತು ಮೆತ್ತನೆ ಹುಲ್ಲು. ಪೆಟ್ಟಿಗೆ ಕೂರುವ ಕೋಲಿಗಿಂತ ತಗ್ಗಿನಲ್ಲಿರಲಿ. ಇಲ್ಲದಿದ್ದರೆ ಕೋಳಿಗಳು ಅದರಲ್ಲೇ ಮಲಗಿ ಮೊಟ್ಟೆಯ ಜಾಗವನ್ನು ಹಿಕ್ಕೆಯ ಜಾಗ ಮಾಡುತ್ತವೆ.

ಮನುಷ್ಯ ಒಳಗೆ ಹೋಗಲಾಗದ ಗೂಡನ್ನು ಯಾರೂ ಶುಚಿ ಮಾಡುವುದಿಲ್ಲ. ಆರಡಿ ಎತ್ತರ ಕಟ್ಟಲು ಆಗದಿದ್ದರೆ ಒಂದು ಇಡೀ ಬದಿ ಕದದಂತೆ ತೆರೆಯುವ ಹಾಗಿರಬೇಕು. ಅಂಗಡಿಯ ಸಿದ್ಧ ಪಂಜರಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲೇ. ಕೈ ತೂರುವಷ್ಟು ಬಾಗಿಲು, ಮೂಲೆಯಲ್ಲಿ ತಿಂಗಳ ಹಿಕ್ಕೆ. ಇದಕ್ಕಿಂತ ಅಗ್ಗದ ದಾರಿ ಹಲವು ಮನೆಗಳಲ್ಲಿ ಖಾಲಿಯೇ ಬಿದ್ದಿದೆ: ರೇಷ್ಮೆ ಬಿಟ್ಟ ಮನೆಗಳ ಹುಳುಮನೆ. ಗಾಳಿ, ನೆರಳು, ಜಾಲರಿಯ ಕಿಟಕಿ, ತೊಳೆಯುವ ನೆಲ ಎಲ್ಲವೂ ಅಲ್ಲಿವೆ. ಸುಣ್ಣ ಬಳಿದು ಕೋಲು ಕಟ್ಟಿದರೆ ಮುಗಿಯಿತು. ಪಕ್ಕದ ಕೋಣೆಯಲ್ಲಿ ಇನ್ನೂ ಹುಳು ಸಾಕುತ್ತಿದ್ದರೆ ಮಾತ್ರ ಈ ಯೋಚನೆ ಬಿಡಬೇಕು.

ಜಾಲರಿಯೂ ಚಿಲಕವೂ

ಕೋಳಿ ಜಾಲರಿ ಎಂಬ ಹೆಸರಿನಲ್ಲಿ ಮಾರುವ ಆರು ಮೂಲೆಯ ತೆಳು ಹೆಣಿಗೆಯ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡಲಾರದು. ಹಸಿದ ಬೀದಿನಾಯಿ ಹಲ್ಲಿನಿಂದಲೇ ಹರಿಯುತ್ತದೆ. ಇರುಳಿನ ಗೂಡಿಗೆ ಬೆಸುಗೆ ಹಾಕಿದ ಗ್ಯಾಲ್ವನೈಸ್ಡ್ ಜಾಲರಿ ಬೇಕು. ಕೆಳಗಿನ ಎರಡಡಿಗೆ ಅರ್ಧ ಇಂಚಿನ ಕಣ್ಣು, ಮೇಲೆ ಒಂದು ಇಂಚು ಸಾಕು. ಅರ್ಧ ಇಂಚಿನ ಕಣ್ಣಿನಲ್ಲಿ ಮೊಟ್ಟೆ ಕುಡಿಯುವ ದೊಡ್ಡ ಹಾವೂ ಮರಿ ಎಳೆಯುವ ಹೆಗ್ಗಣವೂ ತೂರಲಾರವು. ನೆಲದ ಗೂಡಿಗೆ ಈ ಜಾಲರಿಯನ್ನು ಒಂದಡಿ ಮಣ್ಣಿನೊಳಕ್ಕೆ ಇಳಿಸಬೇಕು. ಮುಂಗುಸಿ, ನಾಯಿ ಎರಡೂ ಅಡಿಯಿಂದ ತೋಡುತ್ತವೆ.

ಕಬ್ಬಿನ ಗದ್ದೆ ಹೆಚ್ಚಿದಂತೆ ಚಿರತೆಯೂ ಊರ ಹತ್ತಿರಕ್ಕೆ ಬಂದಿದೆ. 2022ರಲ್ಲಿ ಕನ್ನಂಬಾಡಿ ಕಟ್ಟೆಯ ಬೃಂದಾವನ ಉದ್ಯಾನದಲ್ಲೇ ಚಿರತೆ ಕಾಣಿಸಿಕೊಂಡು, ಕೆಲವು ದಿನ ಪ್ರವಾಸಿಗರಿಗೆ ಉದ್ಯಾನವನ್ನು ಮುಚ್ಚಬೇಕಾಯಿತು. ಮೇಲುಕೋಟೆಯ ಬೆಟ್ಟಸಾಲು, ನಾಗಮಂಗಲದ ಕುರುಚಲು ಗುಡ್ಡಗಳ ಬದಿಯ ಊರುಗಳಿಗೆ ಇದು ಹೊಸ ಸಂಗತಿಯಲ್ಲ. ಚಿರತೆಗೆ ತಡೆಯಾಗುವ ಕೋಳಿಗೂಡನ್ನು ಬಡವರ ಹಣದಲ್ಲಿ ಕಟ್ಟಲಾಗದು. ಆದರೆ ಗೂಡು ಮನೆಯ ಗೋಡೆಗೆ ಹತ್ತಿರವಿದ್ದು, ಸುತ್ತ ಹತ್ತಡಿ ಪೊದೆ ಸವರಿ, ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯದೆ ಆಳಕ್ಕೆ ಹೂತರೆ ಅದು ಬರುವ ಕಾರಣ ಕಡಿಮೆಯಾಗುತ್ತದೆ.

ಕೋಳಿ ಹೋಗುವುದು ಹೆಚ್ಚಾಗಿ ಬಾಗಿಲು ಹಾಕಲು ಮರೆತ ರಾತ್ರಿ. ಗೂಡಿನ ಹೊಣೆ ಮನೆಯ ಒಬ್ಬರಿಗೆ ಸೇರಿದ್ದಾಗಿರಬೇಕು. ಬಾಗಿಲು ದನಿ ಮಾಡುತ್ತಾ ಮುಚ್ಚಿ, ಕೊಕ್ಕೆಯ ಜೊತೆಗೆ ಅಡ್ಡ ಚಿಲಕವೂ ಬೀಳಬೇಕು. ಹಗಲಿನಲ್ಲಿ ಹದ್ದು, ಗಿಡುಗದಿಂದ ಮರಿಗಳನ್ನು ಕಾಯಲು ಹಳೆಯ ಮೀನುಬಲೆಯನ್ನು ಅಂಗಳದ ಮೇಲೆ ಹರವಿದರೆ ಸಾಕು. ತೊಗರಿ, ನುಗ್ಗೆಯ ಸಾಲು ಬೆಳೆಸಿದರೆ ಅದು ಇನ್ನೂ ಒಳ್ಳೆಯ ಮರೆ.

ಹಾಸು

ನೆಲದ ಗೂಡಿನಲ್ಲಿ ಮೂರು ಇಂಚು ದಪ್ಪ ಹಾಸು ಇರಬೇಕು. ನಲವತ್ತು ಚದರ ಅಡಿಗೆ ಮೂರು ಮೂಟೆ ಭತ್ತದ ಹೊಟ್ಟು ಹಿಡಿಯುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣದ ಅಕ್ಕಿ ಗಿರಣಿಗಳ ನಡುವೆ ಇದಕ್ಕೆ ಬರವಿಲ್ಲ. ತೆಂಗಿನ ಸೀಮೆಯಲ್ಲಿ ನಾರಿನ ಪುಡಿ ಸಿಗುತ್ತದೆ, ಆದರೆ ಅದು ನೀರು ಹಿಡಿದರೆ ಬಿಡುವುದಿಲ್ಲ. ಕಬ್ಬಿನ ತರಗನ್ನು ಇಡಿಯಾಗಿ ಹಾಸಿದರೆ ಗಂಟುಗಟ್ಟುತ್ತದೆ, ಕತ್ತರಿಸಿ ಹಾಕಬೇಕು. ಆಲೆಮನೆಯ ಹಸಿ ಸಿಪ್ಪೆಯಂತೂ ಬೂಸು ಹಿಡಿಯುವ ವಸ್ತು, ದೂರವಿಡುವುದು ಲೇಸು.

ವಾರಕ್ಕೆರಡು ಸಲ ಹಾಸನ್ನು ಕೆದಕಿ ತಿರುವಬೇಕು. ಹಿಡಿಯಲ್ಲಿ ಅದುಮಿ ಬಿಟ್ಟಾಗ ಉಂಡೆಯಾಗಿಯೇ ನಿಂತರೆ ತೇವ ಹೆಚ್ಚಾಗಿದೆ; ಒದ್ದೆಯಾದ ಕಡೆ ತೆಗೆದು ಹೊಸ ಹೊಟ್ಟು, ಸ್ವಲ್ಪ ಸುಣ್ಣದ ಪುಡಿ ಹಾಕಬೇಕು. ಒದ್ದೆ ಹಾಸಿನಲ್ಲೇ ರಕ್ತಭೇದಿಯ ಪರಾವಲಂಬಿ ಹಣ್ಣಾಗಿ, ಮೂರರಿಂದ ಆರು ವಾರದ ಮರಿಗಳನ್ನು ಒಂದೇ ವಾರದಲ್ಲಿ ಮುಗಿಸುತ್ತದೆ. ತೆಗೆದ ಹಾಸನ್ನು ನೇರವಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಕೆಲವು ತಿಂಗಳು ಕೊಳೆಸಿದ ಮೇಲೆ ತೆಂಗಿಗೆ ಅದರಂಥ ಗೊಬ್ಬರ ಕಡಿಮೆ. ಅಂಗಳದ ಒಂದು ಮೂಲೆಯಲ್ಲಿ ಒಲೆಯ ಬೂದಿ, ಒಣ ಮಣ್ಣು ಬೆರೆಸಿದ ಗುಂಡಿ ಇದ್ದರೆ ಕೋಳಿ ತಾನೇ ಹೊರಳಾಡಿ ಹೇನು ಕಳೆದುಕೊಳ್ಳುತ್ತದೆ. ಬಿದಿರಿನ ಸಂದಿನ ಉಣ್ಣೆಗೆ ಮಾತ್ರ ವರ್ಷಕ್ಕೆರಡು ಬಾರಿ ಸುಣ್ಣ ಬಳಿಯಲೇಬೇಕು.

ಮರಿಗೆ ಬೆಚ್ಚಗಿನ ಜಾಗ

ಒಂದು ದಿನದ ಮರಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ, ನಾಲ್ಕೈದು ವಾರಕ್ಕೆ ಪುಕ್ಕ ಬಂದ ಮೇಲೆ ದೀಪ ತೆಗೆಯಬಹುದು. ಇಪ್ಪತ್ತೈದು ಮರಿಗೆ ಮೂರು ಅಡಿ ಅಗಲದ ದುಂಡನೆಯ ಆವರಣ, ಒಂದೂವರೆ ಅಡಿ ಎತ್ತರದ ತಗಡು ಅಥವಾ ದಪ್ಪ ರಟ್ಟಿನದು, ಮೊದಲ ವಾರಕ್ಕೆ ಸಾಕು, ಬೆಳೆದಂತೆ ಹಿಗ್ಗಿಸಬೇಕು. ದುಂಡಗಿರಬೇಕೆನ್ನಲು ಕಾರಣವಿದೆ. ಚೌಕವಾಗಿದ್ದರೆ ಚಳಿಗೆ ಎಲ್ಲವೂ ಮೂಲೆಗೆ ಒತ್ತರಿಸಿ ಅಡಿಯವು ಉಸಿರುಗಟ್ಟುತ್ತವೆ.

ಹೊಸಬರು ಎಡವುವುದು ಬಲ್ಬಿನಲ್ಲಿ. ಮರಿಗೆ ಎರಡರಿಂದ ಮೂರು ವ್ಯಾಟ್ ಎಂಬ ಹಳೆಯ ಲೆಕ್ಕ ತಂತಿ ಬಲ್ಬಿನದು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ತಂತಿ ಬಲ್ಬು ಅಂಗಡಿಗಳಲ್ಲಿ ಅಪರೂಪವಾಗುತ್ತಿರುವುದರಿಂದ ಮರಿ ಬರುವ ಮುನ್ನವೇ ನಾಲ್ಕು ಕೊಂಡಿಡಬೇಕು. ಒಂದೇ ದೊಡ್ಡ ಬಲ್ಬಿನ ಬದಲು 40 ವ್ಯಾಟಿನ ಎರಡನ್ನು ಬೇರೆ ಬೇರೆ ಹೋಲ್ಡರಿಗೆ ಹಾಕಿದರೆ ಒಂದು ಸುಟ್ಟರೂ ರಾತ್ರಿ ಕಳೆಯುತ್ತದೆ. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡುವುದು ಚೆನ್ನ. ದೀಪದಡಿ ಗುಂಪುಗೂಡಿ ಕಿರುಚಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಖೆ, ಚೆದುರಿ ಮೇಯುತ್ತಿದ್ದರೆ ಸರಿಯಾಗಿದೆ. ಕರೆಂಟು ಹೋದಾಗ ಮಡಕೆಯಲ್ಲಿ ಬೂದಿ ಮುಚ್ಚಿದ ಕೆಂಡ ಇಡುವ ಪದ್ಧತಿ ಹಿಂದಿನಿಂದ ಬಂದದ್ದು. ಮಡಕೆಯ ಸುತ್ತ ಜಾಲರಿ ಇದ್ದು, ಕೋಣೆಯ ಕಿಟಕಿ ತೆರೆದಿದ್ದರೆ ಮಾತ್ರ ಅದನ್ನು ಮಾಡಬೇಕು. ಮುಚ್ಚಿದ ಕೋಣೆಯ ಕೆಂಡದ ಹೊಗೆ ಮರಿಯನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದವರನ್ನೂ.

ದೂರದಿಂದ ಬಂದ ಮರಿಗೆ ಮೊದಲು ಬೆಲ್ಲದ ನೀರು, ಎರಡು ಗಂಟೆ ಬಿಟ್ಟು ಮೇವು. ಆಲೆಮನೆಗಳ ನಾಡಿನಲ್ಲಿ ಇದಕ್ಕೆ ಗ್ಲೂಕೋಸ್ ಪೊಟ್ಟಣ ಹುಡುಕಬೇಕಾಗಿಲ್ಲ. ಮೊದಲ ಎರಡು ದಿನ ಹೊಟ್ಟಿನ ಮೇಲೆ ಗೋಣಿತಟ್ಟು ಹಾಸಬೇಕು. ನುಣುಪಾದ ಪತ್ರಿಕೆಯ ಹಾಳೆ ಹಾಸಿದರೆ ಕಾಲು ಜಾರಿ ಅಗಲವಾಗಿ ಮರಿ ಕುಂಟಾಗುತ್ತದೆ.

ಇಷ್ಟೆಲ್ಲ ರಗಳೆ ಬೇಡವೆನ್ನುವವರು ನಾಲ್ಕೈದು ವಾರ ಸಾಕಿ ಲಸಿಕೆ ಹಾಕಿದ ಮರಿಯನ್ನೇ ಕೊಳ್ಳಬಹುದು. ಬೆಲೆ ಹೆಚ್ಚಾದರೂ ಮೊದಲ ಸಲಕ್ಕೆ ಅದೇ ಲಾಭ. ಇನ್‌ಕ್ಯುಬೇಟರಿನ ಮಾತೂ ಇದೇ. ಇಪ್ಪತ್ತೊಂದು ದಿನ 37.5 ಡಿಗ್ರಿ, ತಕ್ಕ ತೇವಾಂಶ, ಹದಿನೆಂಟನೆಯ ದಿನದವರೆಗೆ ಮೊಟ್ಟೆ ಹೊರಳಿಸುವ ಶಿಸ್ತು, ಎಲ್ಲಕ್ಕಿಂತ ಹೆಚ್ಚಾಗಿ ಕೈಕೊಡದ ಕರೆಂಟು ಬೇಕು. ಮಂಕರಿಯಲ್ಲಿ ಹತ್ತು ಹನ್ನೆರಡು ಮೊಟ್ಟೆಯ ಮೇಲೆ ಕೂತ ನಾಟಿ ಹ್ಯಾಟೆ ಇದನ್ನೆಲ್ಲ ಬಿಟ್ಟಿಯಾಗಿ ಮಾಡುತ್ತದೆ.

ತೊಟ್ಟಿ, ನೀರು, ಮೇವು

ಮೇವಿನ ತೊಟ್ಟಿಯ ಅಂಚು ಕೋಳಿಯ ಬೆನ್ನಿನ ಎತ್ತರಕ್ಕಿದ್ದರೆ ಚೆಲ್ಲುವುದು ತಪ್ಪುತ್ತದೆ. ಹಾಗಾಗಿ ಹಗ್ಗದಲ್ಲಿ ತೂಗುಹಾಕಿ ಏರಿಸಿ ಇಳಿಸುವ ತೊಟ್ಟಿ ಒಳ್ಳೆಯದು. ದೊಡ್ಡ ಕೋಳಿಗೆ ತಲೆಗೆ ನಾಲ್ಕು ಇಂಚು ಅಂಚು ಸಿಗಬೇಕು. ಇಪ್ಪತ್ತು ಕೋಳಿಗೆ ಎರಡು ಸಣ್ಣ ತೊಟ್ಟಿ ಇಟ್ಟರೆ ಬಲಹೀನ ಕೋಳಿಯೂ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನೀರಿಗೆ ತಟ್ಟೆಯ ಮೇಲೆ ಬೋರಲು ಹಾಕುವ ಗಂಟೆಯಾಕಾರದ ಪಾತ್ರೆ ಸಾಕು. ನಿಪ್ಪಲ್ ವ್ಯವಸ್ಥೆ ಶುಚಿ, ನಿಜ. ಆದರೆ ಉಪ್ಪು ನೀರಿನ ಕೊಳವೆಬಾವಿಗಳ ಕಡೆ ಅದು ಪದೇ ಪದೇ ಕಟ್ಟಿಕೊಳ್ಳುತ್ತದೆ. ಬೆಳೆದ ಕೋಳಿ ದಿನಕ್ಕೆ ಕಾಲು ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಅದರ ದುಪ್ಪಟ್ಟು. ಮಣ್ಣಿನ ಪಾತ್ರೆಯ ನೀರು ಮಧ್ಯಾಹ್ನವೂ ತಂಪಾಗಿರುವುದರಿಂದ ಬೇಸಿಗೆಗೆ ಪ್ಲಾಸ್ಟಿಕ್ಕಿಗಿಂತ ಅದೇ ವಾಸಿ.

ಪೂರ್ತಿ ಕಟ್ಟಿ ಸಾಕುವ ಮೊಟ್ಟೆಕೋಳಿಗೆ ದಿನಕ್ಕೆ 110 ಗ್ರಾಂ ಮೇವು ಬೇಕು; ಇಪ್ಪತ್ತಕ್ಕೆ 50 ಕಿಲೊ ಮೂಟೆ ಮೂರು ವಾರಕ್ಕೆ ಖಾಲಿ. ತಿಪ್ಪೆ, ಹೊಲ ಮೇದು ಬರುವ ಕೋಳಿಗೆ ಸಂಜೆ 40 ಗ್ರಾಂ ಹಾಕಿದರೆ ಅದೇ ಮೂಟೆ ಎರಡು ತಿಂಗಳು ಬರುತ್ತದೆ. ಆದರೆ ಮಳೆಗಾಲದಲ್ಲಿ ಅಷ್ಟು ದಿನ ಮೂಟೆ ಇಡಬಾರದು. ಜೋಳದ ನುಚ್ಚು, ಕಡಲೆಕಾಯಿ ಹಿಂಡಿಗೆ ಬೂಸು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ತೌಡು ಕಮಟುತ್ತದೆ. ಮುಚ್ಚಳದ ತಗಡಿನ ಡಬ್ಬ, ಅದನ್ನಿಡಲು ಗೋಡೆಯಿಂದ ದೂರದ ಮಣೆ, ಇವು ಪ್ಲಾಸ್ಟಿಕ್ ತೊಟ್ಟಿಗಿಂತ ಮೊದಲು ಕೊಳ್ಳಬೇಕಾದವು. ಮೊಟ್ಟೆ ಶುರುವಾದ ಮೇಲೆ ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ನುಚ್ಚು ಇಟ್ಟರೆ ಬೇಕಾದಷ್ಟನ್ನು ಅದೇ ಆಯ್ದುಕೊಳ್ಳುತ್ತದೆ.

ಹಕ್ಕಿಗಳ ನೆರೆಹೊರೆ

ಈ ಸೀಮೆಯ ಕೋಳಿ ಸಾಕುವವರಿಗೆ ಬೇರೆಡೆ ಇಲ್ಲದ ಒಂದು ಎಚ್ಚರ ಬೇಕು. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾಗಿ 2022ರಲ್ಲಿ ರಾಮ್‌ಸರ್ ಪಟ್ಟಿ ಸೇರಿದ ರಂಗನತಿಟ್ಟು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿದೆ. ಕೊಕ್ಕರೆ, ಬಾತುಗಳು ಅಲ್ಲಿಂದ ಗದ್ದೆ, ಕೆರೆಗಳಿಗೆ ಮೇಯಲು ಹೋಗುತ್ತವೆ. ನೀರುಹಕ್ಕಿಗಳು ಹಕ್ಕಿಜ್ವರದ ವೈರಾಣುವನ್ನು ಹೊತ್ತಿರಬಲ್ಲವು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಎಚ್5ಎನ್1 ದೃಢಪಟ್ಟು ಸುತ್ತಲಿನ ಸಾಕುಕೋಳಿಗಳನ್ನು ಕೊಲ್ಲಬೇಕಾಯಿತು. ಶ್ರೀರಂಗಪಟ್ಟಣ ತಾಲ್ಲೂಕಿನ ಗಡಿ ಅಲ್ಲಿಂದ ದೂರವೇನಲ್ಲ. ಹಿತ್ತಲಲ್ಲಿ ಮಾಡಬಹುದಾದದ್ದು ಸರಳ. ಕೋಳಿಗೆ ನಾಲೆಯ, ಕೆರೆಯ ನೀರು ಕುಡಿಸದೆ ಕೊಳವೆಬಾವಿಯ ನೀರು ಕೊಡುವುದು, ಮೇವಿನ ತೊಟ್ಟಿ ಬಯಲಿನಲ್ಲಿಡದೆ ಮಾಡಿನಡಿ ಇಡುವುದು, ಬಾತುಕೋಳಿಯನ್ನು ಕೋಳಿಯೊಂದಿಗೆ ಸಾಕದಿರುವುದು, ಗೂಡಿಗೆಂದೇ ಬೇರೆ ಚಪ್ಪಲಿ ಇಟ್ಟುಕೊಳ್ಳುವುದು.

ನಾಗಮಂಗಲದಲ್ಲಿ ಮಾತು ತಿರುಗುಮುರುಗು. ಆದಿಚುಂಚನಗಿರಿಯ ಸುತ್ತ ನವಿಲುಧಾಮವಿದೆ. ನವಿಲೂ ಕೋಳಿಯೂ ಒಂದೇ ಬಳಗದ ಹಕ್ಕಿಗಳಾದ್ದರಿಂದ ಕೋಳಿಯ ಕರುಳಿನಲ್ಲಿ ಸದ್ದಿಲ್ಲದೆ ಬದುಕುವ ಕೆಲವು ಪರಾವಲಂಬಿಗಳು ನವಿಲಿಗೆ ಮಾರಕ. ಆ ಭಾಗದಲ್ಲಿ ಬೇಲಿಯ ಅಂಗಳ ಕೋಳಿಯ ಭದ್ರತೆಗೆ ಎಷ್ಟು ಬೇಕೋ ನವಿಲಿನ ಭದ್ರತೆಗೂ ಅಷ್ಟೇ ಬೇಕು.

ಇವೆಲ್ಲಕ್ಕಿಂತ ಹೆಚ್ಚು ಕೋಳಿ ಸಾಯುವುದು ಕೊಕ್ಕರೆ ರೋಗವೆಂದು ಕರೆಯುವ ಸೋಂಕಿಗೆ. ಹಸಿರು ಭೇದಿ, ಕತ್ತು ತಿರುಚು, ಎರಡೇ ದಿನದಲ್ಲಿ ಗೂಡು ಖಾಲಿ. ಮದ್ದಿಲ್ಲ, ಲಸಿಕೆ ಇದೆ. ಮೊದಲ ವಾರ ಕಣ್ಣಿಗೆ ಹನಿ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟನೆಯ ವಾರ ಚುಚ್ಚುಮದ್ದು. ನಡುವೆ ಎರಡನೆಯ ವಾರ ಗುಂಬೋರೊ ಎಂಬ ಇನ್ನೊಂದು ರೋಗದ ಲಸಿಕೆ. ತೊಡಕು ಏನೆಂದರೆ ಲಸಿಕೆಯ ಸೀಸೆ ನೂರು, ಇನ್ನೂರು ಕೋಳಿಗಾಗುವಷ್ಟಿರುತ್ತದೆ. ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಬೀದಿಯ ಐದಾರು ಮನೆಯವರು ಒಂದೇ ದಿನ ಸೇರಿ ಹಾಕಿಸಿದರೆ ಲಸಿಕೆ ವ್ಯರ್ಥವಾಗುವುದಿಲ್ಲ, ಪಕ್ಕದ ಮನೆಯ ಕೋಳಿಯಿಂದ ರೋಗ ಬರುವ ಭಯವೂ ತಗ್ಗುತ್ತದೆ. ಐಸು ಹಾಕಿದ ಥರ್ಮಾಸ್ ಫ್ಲಾಸ್ಕು ಇದಕ್ಕೆ ಬೇಕಾದ ಸಲಕರಣೆ.

ಕಾಲದ ಲೆಕ್ಕ

ಮಂಡ್ಯ ಸೀಮೆಯಲ್ಲಿ ನಾಟಿ ಕೋಳಿಗೆ ಬೇಡಿಕೆ ಎಂದೂ ತಗ್ಗಿದ್ದಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲೂ ಬಾಡೂಟ ಬಡಿಸಬೇಕೆಂಬ ಒತ್ತಾಯ ಎದ್ದ ಜಿಲ್ಲೆ ಇದು. ಆದರೂ ಬೆಲೆ ಹಬ್ಬಕ್ಕೆ ತಕ್ಕಂತೆ ಏರಿಳಿಯುತ್ತದೆ. ಶ್ರಾವಣದಲ್ಲಿ ಹಲವು ಮನೆಗಳಲ್ಲಿ ಮಾಂಸವಿಲ್ಲ. ಪಿತೃಪಕ್ಷದಲ್ಲಿ ಮತ್ತೆ ಗಿರಾಕಿ. ವರ್ಷದ ದೊಡ್ಡ ವ್ಯಾಪಾರ ಯುಗಾದಿಯ ಮರುದಿನದ ಹೊಸತೊಡಕಿನದು.

ನಾಟಿ ಹುಂಜ ಮಾರುವ ಹದಕ್ಕೆ ಬರಲು ಐದಾರು ತಿಂಗಳು ಹಿಡಿಯುತ್ತದೆ. ಮಾರ್ಚ್ ಕೊನೆಯ ಅಥವಾ ಏಪ್ರಿಲ್ ಮೊದಲ ಭಾಗದ ಹೊಸತೊಡಕಿಗೆ ಹುಂಜ ಸಿದ್ಧವಾಗಬೇಕಾದರೆ ಮರಿ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಗೂಡಿಗೆ ಬರಬೇಕು. ಈ ಸೀಮೆಯಲ್ಲಿ ಮಳೆ ಅತಿ ಹೆಚ್ಚು ಸುರಿಯುವ, ಹಾಸು ಬೇಗ ಒದ್ದೆಯಾಗುವ, ಗುಡುಗಿಗೆ ಕರೆಂಟು ಹೋಗುವ ತಿಂಗಳುಗಳೂ ಅವೇ. ಆದ್ದರಿಂದ ಮಾಡು, ಜಾಲರಿ, ಚಿಲಕದ ಕೆಲಸ ಆಗಸ್ಟ್ ಮುಗಿಯುವುದರೊಳಗೆ ಆಗಿರಬೇಕು. ಒಂದು ಮಳೆ ಸುರಿಸಿ ಸೋರುವ ಜಾಗ ನೋಡಿಕೊಂಡ ಮೇಲಷ್ಟೇ ಮರಿಗೆ ಮುಂಗಡ ಕೊಡುವುದು ಸರಿ. ಆ ತಿಂಗಳಿಗೆ ಗೂಡು ಮುಗಿಯದಿದ್ದರೆ ಡಿಸೆಂಬರಿನ ಒಣ ಹವೆಗೆ ಕಾದು, ನಾಲ್ಕೈದು ವಾರ ಬೆಳೆದ ಸ್ವರ್ಣಧಾರಾ ಮರಿ ತಂದು ಬೇಸಿಗೆಯ ಕೊನೆಗೆ ಮೊಟ್ಟೆ ಎದುರುನೋಡುವುದು ಇನ್ನೊಂದು ದಾರಿ.